ಮೆಟ್ಟಿಲ ಕೆಳಗಿನ ಕಪಾಟು

ಕದ್ದು ಕುಡಿಯುತ್ತಿದ್ದಾನೆ ಅಂತ ಆಪ್ತಸಮಾಲೋಚನೆಗೆ ನನ್ನ ಬಳಿ ಕರೆತಂದ ಒಬ್ಬ ಹುಡುಗನ ಕಥೆ ಇದು. ಗುರುತು ಸಿಗುವಂಥದ್ದನ್ನೆಲ್ಲ ಬದಲಾಯಿಸಿ ಬರೆಯುತ್ತಿದ್ದೇನೆ. ಹುಡುಗನ ಹೆಸರು ಚೇತನ್ ಅಂದುಕೊಳ್ಳಿ. 16 ವರ್ಷ, ಫಸ್ಟ್ ಪಿಯುಸಿ ಸೈನ್ಸ್. ಚಿಕ್ಕಮಗಳೂರಿನಿಂದ ಒಂದು ಗಂಟೆ ದೂರದಲ್ಲಿ ಇವರದ್ದು ಸಣ್ಣ ಕಾಫಿ ತೋಟ, ಜೊತೆಗೆ ಮೂರು ರೂಮಿನ ಹೋಮ್‌ಸ್ಟೇ.

ವಿಷಯ ಹೊರಬಿದ್ದಿದ್ದು ಸೋದರಮಾವನಿಂದ. ಮನೆಗೆ ಬಂದವರಿಗೆ ಅಪ್ಪ ಒಂದು ಪೆಗ್ ಹಾಕಿ ಕೊಟ್ಟರು. ಮಾವ ಒಂದು ಗುಟುಕು ಕುಡಿದು, "ಭಾವ, ಇದು ಟೀ ಅಲ್ವಾ?" ಅಂದರು. ಹೌದು, ಹಾಲು ಹಾಕದ ತಣ್ಣನೆ ಟೀ. ಮೆಟ್ಟಿಲ ಕೆಳಗಿನ ಕಪಾಟಿನಲ್ಲಿದ್ದ ಇನ್ನೂ ನಾಲ್ಕು ಬಾಟಲಿಯಲ್ಲಿ ಅದೇ. ಕುಡಿದು, ಗೊತ್ತಾಗದಿರಲಿ ಅಂತ ಚೇತನ್ ಟೀ ತುಂಬಿಸಿಟ್ಟಿದ್ದ.

"ಯಾವ ಫ್ರೆಂಡ್ ಕೆಡಿಸಿದ್ದು ಅಂತ ಬಾಯಿ ಬಿಡಿಸಿ ಮೇಡಂ" ಅಂತಲೇ ಅಪ್ಪ ಕೂತರು. ಸಹವಾಸದ ಪಾಲು ಇರುತ್ತೆ, ಇಲ್ಲ ಅನ್ನಲ್ಲ. ಆದರೆ ಇವನು ಕುಡಿಯುತ್ತಿದ್ದದ್ದು ಒಬ್ಬನೇ, ರಾತ್ರಿ ಎಲ್ಲರೂ ಮಲಗಿದ ಮೇಲೆ. ವೀಕೆಂಡಿಗೆ ಬೆಂಗಳೂರಿನಿಂದ ಬರುವ ಗೆಸ್ಟ್‌ಗಳು ಅರ್ಧಂಬರ್ಧ ಬಾಟಲಿ ಬಿಟ್ಟು ಹೋಗುತ್ತಾರೆ, ರೂಮು ಕ್ಲೀನ್ ಮಾಡುವುದು ಇವನ ಕೆಲಸ, ಚೆಲ್ಲೋದ್ಯಾಕೆ ಅಂತ ಅದನ್ನೆಲ್ಲ ಕಪಾಟಿನಲ್ಲಿ ಇಡಿಸುತ್ತಿದ್ದದ್ದು ಅಪ್ಪ.

ಮೊದಲ ಗುಟುಕು ಇನ್ನೂ ಹಳೆಯದು. 12 ವರ್ಷದವನಿದ್ದಾಗ, ಮಳೆಗಾಲದ ಶೀತಕ್ಕೆ ಅಂತ ಕೊಟ್ಟ ಬ್ರಾಂದಿ. ಆಮೇಲೆ ಒಂದು ಬೀಗರೂಟದಲ್ಲಿ ಅಣ್ಣಂದಿರು ಕುಡಿಸಿ, "ಇವನಿಗೆ ಏರೋದೇ ಇಲ್ಲ ನೋಡು" ಅಂತ ಬೆನ್ನು ತಟ್ಟಿದ್ದರು. ಅಪ್ಪ ಇದನ್ನು ನನಗೆ ಹೇಳುವಾಗಲೂ ಸ್ವಲ್ಪ ಹೆಮ್ಮೆ ಇತ್ತು! ಏರದಿರುವುದು ಗಟ್ಟಿತನ ಅಲ್ಲ. ಸಾಕು ಅಂತ ದೇಹ ಬೇಗ ಹೇಳುವುದಿಲ್ಲ, ಅಷ್ಟೇ. ಅಂಥವರೇ ಮುಂದೆ ಚಟಕ್ಕೆ ಬೀಳುವ ಸಾಧ್ಯತೆ ಜಾಸ್ತಿ.

ಒಂದು ಹಾಳೆಯಲ್ಲಿ ಮನೆತನದ ನಕ್ಷೆ ಬರೆಸಿದೆ. ದೊಡ್ಡಪ್ಪನ ಹೆಸರು ಬಂದಾಗ ಅಪ್ಪ "ಜಾಂಡೀಸ್ ಆಗಿ ಹೋದರು" ಅಂದರು. ಅಮ್ಮ ಸೆರಗಿನ ತುದಿ ಸುತ್ತುತ್ತಾ ಕೂತಿದ್ದರು. ಸ್ವಲ್ಪ ಹೊತ್ತು ಬಿಟ್ಟು, "ಕುಡಿದೂ ಕುಡಿದೂ ಜಾಂಡೀಸ್ ಆಗಿದ್ದು" ಅಂದರು. ಕುಡಿತದ ಚಟದಲ್ಲಿ ಸುಮಾರು ಅರ್ಧ ಪಾಲು ರಕ್ತದಲ್ಲೇ ಬರುತ್ತೆ. 15 ತುಂಬುವ ಮೊದಲೇ ಶುರು ಮಾಡಿದವರು, 21ರ ಮೇಲೆ ಶುರು ಮಾಡಿದವರಿಗಿಂತ ಸುಮಾರು ನಾಲ್ಕು ಪಟ್ಟು ಹೆಚ್ಚು ಚಟಕ್ಕೆ ಬೀಳುತ್ತಾರೆ ಅಂತ ಅಮೆರಿಕದ ಒಂದು ದೊಡ್ಡ ಸಮೀಕ್ಷೆ 1990ರ ದಶಕದಲ್ಲೇ ತೋರಿಸಿತ್ತು. ಹಾಗಂತ ಇದು ಹಣೆಬರಹವೂ ಅಲ್ಲ.

ಚೇತನ್ ಮೂರನೇ ಭೇಟಿಯವರೆಗೂ ಹೂಂ, ಉಹೂಂ ಬಿಟ್ಟು ಮಾತಾಡಲಿಲ್ಲ. ಜೀವಕ್ಕೆ ಅಪಾಯ ಅನ್ನಿಸಿದರೆ ಮಾತ್ರ ಮನೆಗೆ ಹೇಳುತ್ತೇನೆ, ಉಳಿದದ್ದು ನಮ್ಮಿಬ್ಬರಲ್ಲೇ ಅಂತ ಮಾತು ಕೊಟ್ಟ ಮೇಲೆ ಅಜ್ಜನ ಸುದ್ದಿ ಬಂತು. ಹೋದ ವರ್ಷ ತೀರಿಕೊಂಡ ಅಜ್ಜನೂ ಇವನೂ ಒಂದೇ ಕೋಣೆಯಲ್ಲಿ ಮಲಗುತ್ತಿದ್ದರು. "ಗೊರಕೆ ಇಲ್ಲದೆ ನಿದ್ದೆ ಬರಲ್ಲ ಮೇಡಂ." ಕುಡಿದರೆ ಬೇಗ ನಿದ್ದೆ ಹತ್ತುತ್ತೆ ನಿಜ, ಆದರೆ ಮಧ್ಯರಾತ್ರಿ ಕಳೆದ ಮೇಲೆ ಅದೇ ಎಬ್ಬಿಸುತ್ತೆ. ಮೂರು ಗಂಟೆಗೆ ಎಚ್ಚರ, ಮತ್ತೆ ಕಪಾಟು, ಬೆಳಿಗ್ಗೆ ಬಸ್ಸಿನಲ್ಲಿ ತೂಕಡಿಕೆ, ಫಿಸಿಕ್ಸ್‌ನಲ್ಲಿ ಫೇಲು.

ದೇಹ ಕುಡಿತಕ್ಕೆ ಒಗ್ಗಿಹೋಗಿದೆಯಾ ಅಂತ ತಿಳಿಯಲು, ಬೆಳಿಗ್ಗೆ ಕೈ ನಡುಗುತ್ತಾ, ಬೆವರುತ್ತಾ ಅಂತ ಕೇಳಿದೆ. ಇಲ್ಲ ಅಂದ. ಆದರೂ ಒಮ್ಮೆ ಮನೋವೈದ್ಯರಿಗೆ ತೋರಿಸಿದೆವು. ಕಪಾಟು ಅವತ್ತೇ ಖಾಲಿ ಮಾಡಿ, ಗೆಸ್ಟ್ ಬಿಟ್ಟದ್ದನ್ನು ದೊಡ್ಡವರೇ ಸಿಂಕಿಗೆ ಸುರಿಯಿರಿ, ರೂಮು ಕ್ಲೀನಿಂಗ್ ಬೇರೆಯವರಿಗೆ ಕೊಡಿ ಅಂದೆ. ಅಣ್ಣಂದಿರಿಗೆ ಒಂದು ಮಾತು ಅಪ್ಪನ ಬಾಯಲ್ಲೇ ಹೇಳಿಸಿದೆ: 18 ಆಗದವರಿಗೆ ಕುಡಿಸಿದರೆ ಬಾಲನ್ಯಾಯ ಕಾಯ್ದೆ 2015ರ 77ನೇ ಕಲಂ ಪ್ರಕಾರ ಏಳು ವರ್ಷದವರೆಗೆ ಜೈಲು.

ದೇವರ ಮುಂದೆ ಆಣೆ ಮಾಡಿಸೋಣ ಅಂದರು ಅಮ್ಮ. ಬೇಡ ಅಂದೆ. ಆಣೆ ಮುರಿದ ಹುಡುಗ ಮುಂದಿನ ಸಲ ನಿಜ ಹೇಳಲ್ಲ. ಗೊತ್ತಾಗದ ಹಾಗೆ ಊಟಕ್ಕೆ ಬೆರೆಸುವ ಕುಡಿತ ಬಿಡಿಸೋ ಪುಡಿಯಂತೂ ಬೇಡವೇ ಬೇಡ, ಅದರಲ್ಲಿ ಏನಿರುತ್ತೋ, ಜೀವಕ್ಕೇ ಬರಬಹುದು. ಅರ್ಧರಾತ್ರಿ ತಳಮಳ ಆದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ, ಫೋನ್ ಮಾಡು ಅಂತ ಚೇತನ್‌ಗೆ ನಂಬರ್ ಬರೆದುಕೊಟ್ಟೆ. ಹಾಸಿಗೆ ಅಜ್ಜಿಯ ಕೋಣೆಗೆ ಬಂತು. ಅಜ್ಜಿಯದೂ ಗೊರಕೆ ಇದೆಯಂತೆ.

ಐದನೇ ವಾರ ಒಂದು ಮದುವೆಯಲ್ಲಿ ಮತ್ತೆ ಕುಡಿದ. ಬಂದು ತಾನೇ ಹೇಳಿದ. ನಾನು ಬೈಯಲಿಲ್ಲ, ಯಾರು ಕೊಟ್ಟರು, ಆಗ ಏನನ್ನಿಸಿತು ಅಂತ ಕೂತು ಬರೆದೆವು.

ಮುಂದಿನ ಸಲ ಅಪ್ಪ ಒಬ್ಬರೇ ಬರಲಿ, ಅವರ ಕುಡಿತದ ಬಗ್ಗೆಯೂ ಮಾತಾಡಬೇಕು ಅಂತ ಹೇಳಿ ಕಳಿಸಿದ್ದೇನೆ. ಕಾಫಿ ಕುಯ್ಲು ಮುಗೀಲಿ ಮೇಡಂ ಅಂದಿದ್ದಾರೆ.