‘ರಾಜೀನಾಮೆ ಬರೆದುಕೊಡಿ’ ಅಂದರೆ ಬರೆಯಲೇಬೇಕಾ?

ಮೊದಲೇ ಒಂದು ಮಾತು. 2025ರ ನವೆಂಬರ್ 21ರಿಂದ 29 ಹಳೆಯ ಕಾರ್ಮಿಕ ಕಾನೂನುಗಳ ಜಾಗಕ್ಕೆ ನಾಲ್ಕು ಸಂಹಿತೆಗಳು ಬಂದಿವೆ. ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತಿರುವ ಹಳೆಯ ಸಲಹೆಗಳನ್ನು ಹಾಗೆಯೇ ನಂಬಬೇಡಿ. ಕೆಲವು ಗಡುವುಗಳು ಬದಲಾಗಿವೆ.

ಪ್ರಶ್ನೆ: ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ 5 ವರ್ಷ 8 ತಿಂಗಳಿಂದ ಇದ್ದೇನೆ. ಎಚ್‌ಆರ್‌ನವರು ರೂಮಿಗೆ ಕರೆದು, ‘ನೀವೇ ರಿಸೈನ್ ಮಾಡಿ. ಇಲ್ಲಾಂದ್ರೆ ಟರ್ಮಿನೇಟ್ ಮಾಡ್ತೀವಿ, ಮುಂದೆ ಎಲ್ಲೂ ಕೆಲಸ ಸಿಗಲ್ಲ’ ಅಂದರು. ಎರಡು ವಾರ ಟೈಮ್ ಕೇಳಿಕೊಂಡಿದ್ದೇನೆ. ಏನು ಮಾಡಲಿ?

ಟೈಮ್ ಕೇಳಿದ್ದು ಒಳ್ಳೆಯದಾಯಿತು. ಹೆಚ್ಚಿನವರು ಅದೇ ರೂಮಿನಲ್ಲಿ ಸಹಿ ಹಾಕಿ ಎದ್ದು ಬರುತ್ತಾರೆ, ಆಮೇಲೆ ನಮ್ಮಂಥ ವಕೀಲರ ಹತ್ತಿರ ಬರುತ್ತಾರೆ.

ಕಂಪನಿಗೆ ನಿಮ್ಮ ರಾಜೀನಾಮೆಯೇ ಯಾಕೆ ಬೇಕು? ಅವರೇ ತೆಗೆದರೆ ಕಾರಣ ಹೇಳಬೇಕು, ದುಡ್ಡು ಕೊಡಬೇಕು. ನಿಮ್ಮ ತಪ್ಪಿಲ್ಲದೆ ಆಳು ಕಡಿಮೆ ಮಾಡಲು ತೆಗೆಯುವುದನ್ನು ಕಾನೂನು ‘ರಿಟ್ರೆಂಚ್‌ಮೆಂಟ್’ ಎನ್ನುತ್ತದೆ. ಒಂದು ವರ್ಷ ಸರ್ವಿಸ್ ಆದ ಕಾರ್ಮಿಕರಿಗೆ ಆಗ ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ ಕೊಡಬೇಕು. ಅದರ ಮೇಲೆ ಪೂರ್ತಿಯಾದ ಪ್ರತಿ ವರ್ಷಕ್ಕೆ 15 ದಿನದ ಸಂಬಳ ಪರಿಹಾರ. ನೀವೇ ಬಿಟ್ಟಿದ್ದೀರಿ ಅಂತಾದರೆ ಈ ಪರಿಹಾರ ಇಲ್ಲ. ಒಂದು ಹಾಳೆ ಬರೆಸಿಕೊಳ್ಳಲು ಅಷ್ಟೊಂದು ಅರ್ಜೆಂಟ್ ಮಾಡುವುದು ಇದಕ್ಕೇ.

ಕೆಲವು ವರ್ಷಗಳ ಹಿಂದೆ ನನ್ನ ಕಕ್ಷಿದಾರರೊಬ್ಬರ ಕೇಸು ನಡೆಯುತ್ತಿತ್ತು. ಎದುರು ವಕೀಲರು ಟೇಬಲ್ ಮೇಲೆ ಇಟ್ಟಿದ್ದು ಒಂದೇ ಹಾಳೆ. ‘ವೈಯಕ್ತಿಕ ಕಾರಣಗಳಿಂದ ರಾಜೀನಾಮೆ ನೀಡುತ್ತಿದ್ದೇನೆ’ ಅಂತ ಇವರದೇ ಕೈಬರಹ. ಬಲವಂತವಾಗಿ ಬರೆಸಿದ್ದು ಅಂತ ಸಾಬೀತು ಮಾಡುವ ಹೊರೆ ಪೂರ್ತಿ ನಮ್ಮ ತಲೆ ಮೇಲೆ ಬಿತ್ತು. ರೂಮಿನಲ್ಲಿ ಇದ್ದವರು ಮೂರೇ ಜನ, ಅವರಲ್ಲಿ ಇಬ್ಬರು ಕಂಪನಿಯವರು.

ಆದ್ದರಿಂದ ಇವತ್ತೇ ಎಚ್‌ಆರ್‌ಗೆ ಒಂದು ಮೇಲ್ ಹಾಕಿ. ಸಿಟ್ಟು ಬೇಡ, ಭಾಷಣ ಬೇಡ. ‘ಇಂಥ ದಿನ, ಇಷ್ಟು ಹೊತ್ತಿಗೆ ನನ್ನನ್ನು ಕರೆದು ರಾಜೀನಾಮೆ ಕೊಡಲು ಹೇಳಿದಿರಿ. ನನಗೆ ಬಿಡುವ ಇಷ್ಟ ಇಲ್ಲ. ಕೆಲಸ ಮುಂದುವರಿಸಲು ಸಿದ್ಧನಿದ್ದೇನೆ.’ ಇಷ್ಟೇ ಸಾಕು. ಪ್ರತಿಯನ್ನು ನಿಮ್ಮ ಸ್ವಂತ ಮೇಲ್‌ಗೂ ಕಳಿಸಿಕೊಳ್ಳಿ, ಆಫೀಸ್ ಮೇಲ್ ಯಾವಾಗ ಬಂದ್ ಆಗುತ್ತದೋ ಹೇಳಲಾಗದು. ನೇಮಕಾತಿ ಪತ್ರ, ಪೇಸ್ಲಿಪ್, ಅಪ್ರೈಸಲ್ ಪತ್ರಗಳನ್ನೂ ತೆಗೆದಿಟ್ಟುಕೊಳ್ಳಿ. ಕಂಪನಿಯ ಕೋಡು, ಕ್ಲೈಂಟ್ ಫೈಲು ಮಾತ್ರ ಮುಟ್ಟಬೇಡಿ. ಅದನ್ನೇ ನೆಪ ಮಾಡಿ ನಿಮ್ಮ ಮೇಲೆ ತಿರುಗಿಬಿಡುತ್ತಾರೆ.

‘ನಾನು ಟೀಮ್ ಲೀಡ್, ನನಗೆ ಕಾರ್ಮಿಕ ಕಾನೂನು ಅನ್ವಯಿಸುತ್ತಾ?’ ಅಂತಲೂ ಕೇಳಿದ್ದೀರಿ. ಹುದ್ದೆಯ ಹೆಸರು ಮುಖ್ಯ ಅಲ್ಲ, ದಿನವೂ ಮಾಡುವ ಕೆಲಸ ಮುಖ್ಯ. ಕೋಡು ಬರೆಯುವುದು, ಟೆಸ್ಟ್ ಮಾಡುವುದು ತಾಂತ್ರಿಕ ಕೆಲಸ, ಆಗ ಸಂಬಳ ಎಷ್ಟೇ ಇದ್ದರೂ ನೀವು ಕಾರ್ಮಿಕರೇ. ಮುಖ್ಯವಾಗಿ ಮೇಲ್ವಿಚಾರಣೆಯನ್ನೇ ಮಾಡುತ್ತಾ ತಿಂಗಳಿಗೆ 18,000 ರೂಪಾಯಿಗಿಂತ ಜಾಸ್ತಿ ಪಡೆಯುವವರು ಮತ್ತು ಮ್ಯಾನೇಜರ್ ಕೆಲಸ ಮಾಡುವವರು ಹೊರಗುಳಿಯುತ್ತಾರೆ. ಅಂಥವರಿಗೂ 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ 39ನೇ ಸೆಕ್ಷನ್ ಅನ್ವಯಿಸುತ್ತಾ ಅಂತ ನೋಡಬೇಕು. ಆರು ತಿಂಗಳು ಸತತವಾಗಿ ಕೆಲಸ ಮಾಡಿದವರನ್ನು ಸರಿಯಾದ ಕಾರಣ ಇಲ್ಲದೆ, ತಿಂಗಳ ನೋಟಿಸ್ ಅಥವಾ ಅದರ ಸಂಬಳ ಇಲ್ಲದೆ ತೆಗೆಯುವಂತಿಲ್ಲ ಅನ್ನುತ್ತದೆ ಅದು.

ನಿಜವಾಗಿ ತೆಗೆದೇಬಿಟ್ಟರೆ ಕಾರ್ಮಿಕ ಇಲಾಖೆಯ ಸಂಧಾನ ಅಧಿಕಾರಿಗೆ ಅರ್ಜಿ ಕೊಡಿ. ಬೆಂಗಳೂರಿನವರಿಗೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ವಿಚಾರಿಸಿದರೆ ನಿಮ್ಮ ಏರಿಯಾದ ಅಧಿಕಾರಿ ಯಾರೆಂದು ಹೇಳುತ್ತಾರೆ. ಹೊಸ ಸಂಹಿತೆಯಲ್ಲಿ ಇದಕ್ಕೆ ಗಡುವು ಎರಡು ವರ್ಷ. ‘ಮೊದಲು ಬೇರೆ ಕೆಲಸ ಹುಡುಕೋಣ, ಆಮೇಲೆ ನೋಡೋಣ’ ಅಂತ ಕೂತರೆ ಎರಡು ವರ್ಷ ಹೋಗಿದ್ದೇ ಗೊತ್ತಾಗುವುದಿಲ್ಲ.

ಗ್ರಾಚ್ಯುಟಿ, ಅಂದರೆ ವರ್ಷಗಟ್ಟಲೆ ದುಡಿದದ್ದಕ್ಕೆ ಬಿಡುವಾಗ ಸಿಗುವ ಇಡುಗಂಟು, ಮಾತ್ರ ರಾಜೀನಾಮೆ ಕೊಟ್ಟರೂ ಬರುತ್ತದೆ, ತೆಗೆದುಹಾಕಿದರೂ ಬರುತ್ತದೆ. ಐದು ವರ್ಷ ಆಗಿರಬೇಕು, ಗಂಭೀರ ದುರ್ನಡತೆ ಸಾಬೀತಾಗಿರಬಾರದು. ಕೊನೆಯ ತಿಂಗಳ ವೇತನವನ್ನು (ಮುಖ್ಯವಾಗಿ ಬೇಸಿಕ್, ಒಟ್ಟು ಸಂಬಳ ಅಲ್ಲ) 26ರಿಂದ ಭಾಗಿಸಿ, 15ರಿಂದ ಗುಣಿಸಿ, ವರ್ಷಗಳಿಂದ ಗುಣಿಸಿ. ಕೊನೆಯ ವರ್ಷ ಆರು ತಿಂಗಳು ದಾಟಿದ್ದರೆ ಪೂರ್ತಿ ವರ್ಷವೆಂದೇ ಲೆಕ್ಕ. ಹಾಗಾಗಿ ನಿಮ್ಮದು ಆರು ವರ್ಷ. ವೇತನ 26,000 ಇದ್ದರೆ 90,000 ರೂಪಾಯಿ ಆಗುತ್ತದೆ. ಬೇಸಿಕ್ ಅನ್ನು ಬೇಕೆಂದೇ ಸಣ್ಣದಾಗಿಟ್ಟು ಉಳಿದದ್ದನ್ನು ಭತ್ಯೆ ಮಾಡುವ ಆಟಕ್ಕೂ ಈಗ ಕಡಿವಾಣ ಬಿದ್ದಿದೆ. ಲೆಕ್ಕದಿಂದ ಹೊರಗಿಟ್ಟ ಭತ್ಯೆಗಳು ಒಟ್ಟು ಸಂಬಳದ ಅರ್ಧ ದಾಟಿದರೆ, ದಾಟಿದಷ್ಟನ್ನು ವೇತನಕ್ಕೇ ಸೇರಿಸಬೇಕು.

ಪ್ರಶ್ನೆ: ದೊಡ್ಡಬಳ್ಳಾಪುರದಲ್ಲಿ ಗಾರ್ಮೆಂಟ್ಸ್ ಕೆಲಸ, ಕಾಂಟ್ರಾಕ್ಟರ್ ಕಡೆಯಿಂದ. ಸಂಬಳದಲ್ಲಿ ಪಿಎಫ್ ಹಿಡಿಯುತ್ತಾರೆ. ಮಗ ಮೊಬೈಲ್‌ನಲ್ಲಿ ನೋಡಿದರೆ ಏಳು ತಿಂಗಳಿಂದ ದುಡ್ಡೇ ಬಿದ್ದಿಲ್ಲ. ಕೇಳಿದರೆ ‘ಬರುತ್ತೆ ಹೋಗಮ್ಮ’ ಅಂತಾರೆ.

ಬರುವುದಾಗಿದ್ದರೆ ಇಷ್ಟೊತ್ತಿಗೆ ಬಂದಿರಬೇಕಿತ್ತು ತಾಯಿ. ಈ ತಿಂಗಳು ಹಿಡಿದದ್ದನ್ನು ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ನಿಮ್ಮ ಪಾಲು ಹಿಡಿದು ಕಟ್ಟದಿರುವುದು ಬರೀ ಬಾಕಿ ಅಲ್ಲ, ಅಪರಾಧ. ನೀವು ಕಾಂಟ್ರಾಕ್ಟರ್ ಕಡೆಯವರಾದರೂ ಫ್ಯಾಕ್ಟರಿಯವರು ಕೈತೊಳೆದುಕೊಳ್ಳುವಂತಿಲ್ಲ, ಮೂಲ ಮಾಲೀಕರಿಗೂ ಹೊಣೆ ಇದೆ. ಆದ್ದರಿಂದ ದೂರಿನಲ್ಲಿ ಎರಡೂ ಹೆಸರು ಬರೆಯಿರಿ.

ಏಳು ತಿಂಗಳ ಪೇಸ್ಲಿಪ್ ಮತ್ತು ಪಿಎಫ್ ಪಾಸ್‌ಬುಕ್ಕಿನ ಪ್ರಿಂಟ್ ಎರಡನ್ನೂ ಪಕ್ಕಪಕ್ಕ ಇಟ್ಟರೆ ಬೇರೆ ಸಾಕ್ಷಿ ಬೇಡ. ಪೇಸ್ಲಿಪ್ ಕೊಡದಿದ್ದರೆ ಬ್ಯಾಂಕ್ ಪಾಸ್‌ಬುಕ್, ಗೇಟ್ ಪಾಸ್, ಇಎಸ್‌ಐ ಕಾರ್ಡು, ಏನಿದೆಯೋ ಅದು. ಪಿಎಫ್‌ನವರ ಆನ್‌ಲೈನ್ ದೂರು ವ್ಯವಸ್ಥೆಯಲ್ಲಿ ಮಗನೇ ಹಾಕಬಹುದು. ಪ್ರತಿ ತಿಂಗಳ 27ರ ಸುಮಾರಿಗೆ ಜಿಲ್ಲೆಗಳಲ್ಲಿ ಅವರ ‘ನಿಧಿ ಆಪ್ಕೆ ನಿಕಟ್’ ಶಿಬಿರ ಇರುತ್ತದೆ, ಅಲ್ಲಿಗೂ ಹೋಗಬಹುದು. ಒಬ್ಬರೇ ಹೋಗಲು ಹೆದರಿಕೆಯಾದರೆ ಲೈನಿನಲ್ಲಿರುವ ನಾಲ್ಕು ಜನ ಸೇರಿಕೊಳ್ಳಿ, ನಿಮ್ಮದು ಬಿದ್ದಿಲ್ಲ ಅಂದರೆ ಅವರದೂ ಬಿದ್ದಿರಲಿಕ್ಕಿಲ್ಲ. ವಕೀಲರ ಖರ್ಚಿನ ಚಿಂತೆ ಬೇಡ. ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ.

ಪ್ರಶ್ನೆ: ದಾವಣಗೆರೆಯ ಖಾಸಗಿ ಸಂಸ್ಥೆಯಲ್ಲಿ ಎರಡು ವರ್ಷದ ಬಾಂಡ್ ಬರೆಸಿಕೊಂಡು ಎಸ್ಸೆಸ್ಸೆಲ್ಸಿ, ಡಿಗ್ರಿ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಟುಕೊಂಡಿದ್ದಾರೆ. ಮಧ್ಯೆ ಬಿಟ್ಟರೆ ಒಂದು ಲಕ್ಷ ಕಟ್ಟಬೇಕಂತೆ.

ಎರಡೂ ಬೇರೆ ಬೇರೆ ವಿಷಯ, ಗಂಟು ಹಾಕಬೇಡಿ. ಮಾರ್ಕ್ಸ್ ಕಾರ್ಡ್ ನಿಮ್ಮ ಆಸ್ತಿ. ಅಡವಿನ ಒಡವೆಯ ಹಾಗೆ ಅದನ್ನು ಹಿಡಿದಿಟ್ಟುಕೊಳ್ಳುವ ಹಕ್ಕನ್ನು ಯಾವ ಕಾನೂನೂ ಮಾಲೀಕರಿಗೆ ಕೊಟ್ಟಿಲ್ಲ. ವಾಪಸ್ ಕೇಳಿ ಸ್ಪೀಡ್ ಪೋಸ್ಟ್ ಮಾಡಿ, ಕೊಡದಿದ್ದರೆ ಪೊಲೀಸ್ ದೂರು.

ಬಾಂಡ್ ಸ್ವಲ್ಪ ಸೂಕ್ಷ್ಮ. ‘ಬಾಂಡ್‌ಗೆ ಬೆಲೆ ಇಲ್ಲ ಬಿಡಿ’ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಮೂರು ವರ್ಷದೊಳಗೆ ಬಿಟ್ಟರೆ 2 ಲಕ್ಷ ಕಟ್ಟಬೇಕು ಅನ್ನುವ ಸರ್ಕಾರಿ ಬ್ಯಾಂಕೊಂದರ ಷರತ್ತನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಎತ್ತಿಹಿಡಿಯಿತು. ಆ ದುಡ್ಡು ಉದ್ಯೋಗಿಗೆ ವಾಪಸ್ ಕೊಡಿ ಅಂತ ನಮ್ಮ ಹೈಕೋರ್ಟ್ ಹೇಳಿತ್ತು, ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಜಾಹೀರಾತು, ಪರೀಕ್ಷೆ, ಸಂದರ್ಶನ ಅಂತ ದೊಡ್ಡ ಖರ್ಚು ಮಾಡಿ ಆಯ್ಕೆ ಮಾಡುವ ಸಂಸ್ಥೆ ಅದು ಅನ್ನುವುದು ಅಲ್ಲಿ ಮುಖ್ಯವಾಗಿತ್ತು. ನಿಮ್ಮ ಸಂಸ್ಥೆ ತರಬೇತಿಗೆ ಅಂತ ನಿಜಕ್ಕೂ ಎಷ್ಟು ಖರ್ಚು ಮಾಡಿದೆ? ಮೂರು ದಿನ ಪಿಪಿಟಿ ತೋರಿಸಿ ಲಕ್ಷ ಕೇಳಿದರೆ ಕೋರ್ಟಿನಲ್ಲಿ ನಿಲ್ಲುವುದು ಕಷ್ಟ. ಒಪ್ಪಂದ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಸಿಗುವುದು ನ್ಯಾಯವಾದ ಪರಿಹಾರವಷ್ಟೇ, ಬರೆಸಿಕೊಂಡ ಮೊತ್ತವೇ ಅದರ ಗರಿಷ್ಠ ಮಿತಿ. ಬಾಂಡ್ ತೋರಿಸಿ ನಿಮ್ಮಿಂದ ಬಲವಂತವಾಗಿ ಕೆಲಸ ಮಾಡಿಸಲಂತೂ ಆಗದು.

ಪ್ರಶ್ನೆ: ಫುಡ್ ಡೆಲಿವರಿ ಮಾಡುತ್ತೇನೆ, ಮೈಸೂರು. ಗ್ರಾಹಕರೊಬ್ಬರ ಕಂಪ್ಲೇಂಟ್ ಮೇಲೆ ಐಡಿ ಬ್ಲಾಕ್ ಆಗಿದೆ. ಆ್ಯಪ್‌ನಲ್ಲಿ ಬರೀ ಚಾಟ್ ಬಾಟ್. ಯಾರನ್ನು ಕೇಳಲಿ?

ಈ ವಿಷಯದಲ್ಲಿ ನೀವು ಕರ್ನಾಟಕದಲ್ಲಿರುವುದು ಒಳ್ಳೆಯದಾಯಿತು. ನಿಮ್ಮ ಹಾಗೆ ಆ್ಯಪ್ ಮೂಲಕ ದುಡಿಯುವ ಗಿಗ್ ಕಾರ್ಮಿಕರಿಗಾಗಿ ಇಲ್ಲಿ 2025ರಲ್ಲೇ ಪ್ರತ್ಯೇಕ ಕಾಯ್ದೆ ಬಂದಿದೆ. ಅದರ ಪ್ರಕಾರ ಕಾರಣವನ್ನು ಲಿಖಿತವಾಗಿ ಕೊಟ್ಟು, 14 ದಿನ ಮೊದಲೇ ನೋಟಿಸ್ ಕೊಟ್ಟು ತೆಗೆಯಬೇಕು. ಯಾರಿಗಾದರೂ ದೈಹಿಕವಾಗಿ ಪೆಟ್ಟಾದಂಥ ಪ್ರಕರಣ ಬೇರೆ. ‘ಪಾಲಿಸಿ ಉಲ್ಲಂಘನೆ’ ಅಂತ ಒಂದು ಸಾಲು ಕಳಿಸಿದರೆ ಅದು ಕಾರಣ ಆಗುತ್ತಾ? ನನ್ನ ಪ್ರಕಾರ ಆಗುವುದಿಲ್ಲ.

ಮೊದಲು ಬ್ಲಾಕ್ ಆದ ಸ್ಕ್ರೀನು, ಚಾಟ್, ಕೊನೆಯ ಕೆಲವು ವಾರದ ಪೇಔಟ್, ರೇಟಿಂಗ್ ಎಲ್ಲದರ ಸ್ಕ್ರೀನ್‌ಶಾಟ್ ತೆಗೆಯಿರಿ. ಆ್ಯಪ್‌ನಿಂದ ಪೂರ್ತಿ ಹೊರಗೆ ಹಾಕಿದ ಮೇಲೆ ಇದ್ಯಾವುದೂ ಸಿಗದು. ಆಮೇಲೆ ಕಂಪನಿಗೆ ಲಿಖಿತವಾಗಿ ಕಾರಣ ಕೇಳಿ, ಅಲ್ಲಿ ಬಗೆಹರಿಯದಿದ್ದರೆ ಕಾಯ್ದೆಯಡಿ ಇರುವ ಕುಂದುಕೊರತೆ ಅಧಿಕಾರಿಗೆ ದೂರು ಕೊಡಿ. ಕಾರ್ಮಿಕ ಇಲಾಖೆಯ ಮೈಸೂರು ಕಚೇರಿಯಲ್ಲಿ ಎಲ್ಲಿ ಕೊಡಬೇಕೆಂದು ತಿಳಿಸುತ್ತಾರೆ.

ಪ್ರಶ್ನೆ: ತುಮಕೂರಿನ ಶೋರೂಮ್ ಕೆಲಸ ಬಿಟ್ಟು ಎರಡು ತಿಂಗಳಾಯಿತು. ಕೊನೆಯ ಸಂಬಳ ಇನ್ನೂ ಬಂದಿಲ್ಲ. ‘ಫುಲ್ ಅಂಡ್ ಫೈನಲ್‌ಗೆ 60 ದಿನ’ ಅನ್ನುತ್ತಾರೆ.

ವೇತನ ಸಂಹಿತೆಯಲ್ಲಿ ಅದು ಎರಡು ದಿನ, ಅರವತ್ತಲ್ಲ. ಬಿಟ್ಟರೂ ಅಷ್ಟೇ, ತೆಗೆದರೂ ಅಷ್ಟೇ, ಎರಡು ಕೆಲಸದ ದಿನಗಳೊಳಗೆ ಬಾಕಿ ವೇತನ ಕೊಡಬೇಕು. ಒಂದು ನೋಟಿಸ್ ಕಳಿಸಿ, ಒಂದು ವಾರ ನೋಡಿ, ನಂತರ ನಿಮ್ಮ ಊರಿನ ಕಾರ್ಮಿಕ ಅಧಿಕಾರಿಗೆ ಅರ್ಜಿ ಹಾಕಿ. ಕ್ಲೇಮ್‌ಗೆ ಮೂರು ವರ್ಷದ ಅವಕಾಶ ಇದೆ, ಬಾಕಿಯ ಮೇಲೆ ಅದರ ಹತ್ತು ಪಟ್ಟಿನವರೆಗೂ ಪರಿಹಾರ ಕೊಡಿಸುವ ಅಧಿಕಾರ ಕ್ಲೇಮ್ ವಿಚಾರಿಸುವ ಪ್ರಾಧಿಕಾರಕ್ಕಿದೆ. ನೋಟಿಸ್‌ನಲ್ಲಿ ಈ ಕೊನೆಯ ಸಾಲನ್ನು ಮರೆಯದೆ ಬರೆಯಿರಿ. ಎಷ್ಟೋ ಸಲ ದುಡ್ಡು ಅಲ್ಲಿಗೇ ಬಂದುಬಿಡುತ್ತದೆ.