52ರ ಡ್ರೈವು, 16ರ ಓಟ

ಪ್ರಶ್ನೆ: ಸಾರ್, ನನ್ ಹತ್ರ ಇರೋದು 52ಎಕ್ಸ್ ಸ್ಪೀಡಿನ ಸಿಡಿ ರೈಟರ್. ಮೊದಲಿನ ಖಾಲಿ ಸಿಡಿಗಳು ಮೂರು ನಿಮಿಷದಲ್ಲಿ ಬರ್ನ್ ಆಗ್ತಿದ್ವು. ಈಗ ಬೇರೆ ಕಂಪನಿದು ಒಂದು ಡಬ್ಬ ತಂದೆ, ಅದರ ಮೇಲೂ 52ಎಕ್ಸ್ ಅಂತಾನೇ ಬರೆದಿದೆ, ಆದ್ರೆ ಸಾಫ್ಟ್‌ವೇರ್ 16ಎಕ್ಸ್ ದಾಟಿ ಮೇಲಕ್ಕೆ ಹೋಗೋಕೇ ಬಿಡ್ತಿಲ್ಲ. ಡ್ರೈವ್ ಹೋಯ್ತಾ?

ಉತ್ತರ: ಹೋಗಿಲ್ಲ, ಹೊಸದು ತರೋಕೆ ಓಡಬೇಡಿ. ಡಬ್ಬದ ಮೇಲೆ ಏನು ಅಚ್ಚಾಗಿದೆ ಅಂತ ಡ್ರೈವ್‌ಗೆ ಹೇಗೆ ಗೊತ್ತಾಗ್ಬೇಕು ಹೇಳಿ? ಖಾಲಿ ಸಿಡಿ ಅಂತೀವಲ್ಲ, ಅದು ಪೂರ್ತಿ ಖಾಲಿ ಏನಲ್ಲ, ಒಳಗೆ ಸುರುಳಿಯಾಗಿ ಒಂದು ಗೀರು ಮೊದಲೇ ಇರುತ್ತೆ, ಆ ಗೀರಿನ ಅಂಕುಡೊಂಕಲ್ಲೇ ಎಟಿಪ್ ಅನ್ನೋ ಮಾಹಿತಿ ಅಡಗಿರುತ್ತೆ: ಮಾಡಿದ್ದು ಯಾರು, ಎಷ್ಟು ನಿಮಿಷದ ಡಿಸ್ಕು, ಲೇಸರ್ ಪವರ್ ಎಷ್ಟಿರಬೇಕು ಅಂತೆಲ್ಲ. ಡ್ರೈವ್ ಇದನ್ನ ಓದಿ ತನ್ನ ಫರ್ಮ್‌ವೇರಲ್ಲಿ (ಅಂದ್ರೆ ಡ್ರೈವ್ ಒಳಗೇ ಇರೋ ಸಾಫ್ಟ್‌ವೇರಲ್ಲಿ) ಇರೋ ಪಟ್ಟಿಯಲ್ಲಿ ಹುಡುಕುತ್ತೆ. ಗುರುತಿನ ಡಿಸ್ಕ್ ಆದ್ರೆ ಜೋರಾಗಿ ಬರೆಯುತ್ತೆ, ಗುರುತು ಸಿಗಲಿಲ್ಲ ಅಂದ್ರೆ ಯಾಕಪ್ಪಾ ರಿಸ್ಕು ಅಂತ ನಿಧಾನದ ದಾರಿ ಹಿಡಿಯುತ್ತೆ. ನಿಮಗೆ ಆಗಿರೋದು ಇದೇ ಇರಬೇಕು. ಡ್ರೈವ್ ಕಂಪನಿ ಹೊಸ ಫರ್ಮ್‌ವೇರ್ ಬಿಟ್ಟಿದ್ಯಾ ನೋಡಿ, ಒಂದೊಂದ್ಸಲ ಅಷ್ಟಕ್ಕೇ ಸರಿಹೋಗುತ್ತೆ.

ಇಷ್ಟೆಲ್ಲ ಯಾಕೆ ಅಂದ್ರೆ, ಬರೆಯೋದು ಅಂದ್ರೆ ಲೇಸರ್‌ನಿಂದ ಡಿಸ್ಕಿನ ಬಣ್ಣದ ಪದರನ ಸುಡೋದು. ಸ್ಪೀಡ್ ಜಾಸ್ತಿ ಆದಷ್ಟೂ ಒಂದೊಂದು ಚುಕ್ಕೆಗೆ ಸಿಗೋ ಸಮಯ ಕಮ್ಮಿ, ಆಗ ಪವರ್ ಏರಿಸ್ಬೇಕು, ಬಣ್ಣನೂ ತಕ್ಷಣ ಸುಡೋ ಥರದ್ದಾಗಿರ್ಬೇಕು. ಸಯನೀನ್, ಥಾಲೋಸಯನೀನ್, ಅಜೋ ಅಂತ ಮುಖ್ಯವಾಗಿ ಮೂರು ಜಾತಿ ಬಣ್ಣ (ಗಾಢ ನೀಲಿ ಹೊಳೆದ್ರೆ ಸಾಮಾನ್ಯವಾಗಿ ಅಜೋ), ಒಂದಕ್ಕೆ ಹೊಂದೋ ಪವರ್ ಇನ್ನೊಂದಕ್ಕೆ ಹೊಂದಲ್ಲ. ಪದರ ಏರುಪೇರಾಗಿದ್ರೂ, ಧೂಳು ಬೆರಳಚ್ಚು ಇದ್ರೂ ಕೆಲವು ಡ್ರೈವ್‌ಗಳು ಬರೆಯೋ ಮಧ್ಯದಲ್ಲೇ ಸ್ಪೀಡ್ ಇಳಿಸ್ತವೆ.

ಇನ್ನೊಂದು, ಹೊರಗಿನ ಬ್ರ್ಯಾಂಡ್ ಹೆಸರು ನಂಬಬೇಡಿ. ಒಂದೇ ಹೆಸರಿನ ಎರಡು ಡಬ್ಬ ಬೇರೆ ಬೇರೆ ಕಾರ್ಖಾನೆಯ ಮಾಲು ಆಗಿರಬಹುದು, ನಾನೂ ಹೀಗೆ ಬೇಸ್ತು ಬಿದ್ದಿದ್ದೀನಿ. ಡಿಸ್ಕ್ ಹಾಕಿ ಇಮ್ಗ್‌ಬರ್ನ್ ಥರದ ಸಾಫ್ಟ್‌ವೇರಲ್ಲಿ ನೋಡಿದ್ರೆ 97 ನಿಮಿಷ ಇಷ್ಟು ಸೆಕೆಂಡು ಅನ್ನೋ ಥರ ಒಂದು ಕೋಡ್ ಕಾಣುತ್ತೆ, ಅದೇ ಅಸಲಿ ಗುರುತು. ಚೆನ್ನಾಗಿ ಬರ್ನ್ ಆಗಿದ್ದ ಹಳೇ ಡಿಸ್ಕಿನ ಕೋಡ್ ಬರೆದಿಟ್ಕೊಳ್ಳಿ.

ಹಾಗಂತ 52ರ ಹಿಂದೆ ಬಿದ್ದು ತಲೆ ಕೆಡಿಸ್ಕೋಬೇಡಿ. 1ಎಕ್ಸ್ ಅಂದ್ರೆ ಸೆಕೆಂಡಿಗೆ 150 ಕೆಬಿ, ಆ ಲೆಕ್ಕದಲ್ಲಿ 80 ನಿಮಿಷದ ಡಿಸ್ಕು 52ರಲ್ಲಿ ಒಂದೂವರೆ ನಿಮಿಷಕ್ಕೆ ಮುಗೀಬೇಕು, ಮುಗಿಯಲ್ಲ. ಬರವಣಿಗೆ ಒಳಗಿಂದ ಶುರುವಾಗಿ ಹೊರಗೆ ಬರುತ್ತೆ, ಒಳಗಡೆ 20ರ ಆಸುಪಾಸು ಇರೋ ಸ್ಪೀಡು 52 ಮುಟ್ಟೋದು ಅಂಚಿಗೆ ಬಂದಾಗ ಮಾತ್ರ. ಹಾಗಾಗಿ 48ಕ್ಕೂ 52ಕ್ಕೂ ಇರೋ ವ್ಯತ್ಯಾಸ ಕೆಲವೇ ಸೆಕೆಂಡು. 16 ಆದ್ರೆ ಐದು ನಿಮಿಷ ಚಿಲ್ಲರೆ.

ಪ್ರಶ್ನೆ: ಸಿಡಿ-ಆರ್‌ಡಬ್ಲ್ಯೂ (ಅಳಿಸಿ ಮತ್ತೆ ಬರೆಯೋ ಸಿಡಿ) ತಂದೆ, 24ಎಕ್ಸ್ ಅಂತಿದೆ. ನನ್ನ ಹಳೇ ರೈಟರ್ ಅದರಲ್ಲಿ ಬರೆಯೋದೇ ಇಲ್ಲ ಅಂತಿದೆ, ನಿಧಾನಕ್ಕಾದ್ರೂ ಬರೀಬೇಕಲ್ವಾ?

ಉತ್ತರ: ಇಲ್ಲಿ ಹಾಗಲ್ಲ. ಆರ್‌ಡಬ್ಲ್ಯೂನಲ್ಲಿ ಬಣ್ಣ ಸುಡಲ್ಲ, ಲೋಹದ ಪದರ ಕರಗಿ ಮತ್ತೆ ಗಟ್ಟಿಯಾಗೋ ಆಟ, ಅದಕ್ಕೆ ಸ್ಪೀಡಿನ ವರ್ಗಗಳೇ ಬೇರೆ: 1ರಿಂದ 4, 4ರಿಂದ 12, ಅಲ್ಟ್ರಾ ಸ್ಪೀಡ್ ಅನ್ನೋದು 24ರವರೆಗೆ. ಹಳೇ ಡ್ರೈವ್‌ಗೆ ಅಲ್ಟ್ರಾ ಸ್ಪೀಡ್ ಡಿಸ್ಕಲ್ಲಿ ಬರೆಯೋಕೆ ಬರಲ್ಲ. 4ರಿಂದ 12ರ ಡಿಸ್ಕ್ ತನ್ನಿ, ರೈಟರ್ ತೀರಾ ಮುದುಕ ಆಗಿದ್ರೆ 4ರದ್ದು.

ಪ್ರಶ್ನೆ: ಹಾಡಿನ ಸಿಡಿ 1ಎಕ್ಸಲ್ಲೇ ಬರ್ನ್ ಮಾಡ್ಬೇಕು ಅಂತಾರೆ, ನಿಜಾನಾ?

ಉತ್ತರ: ಒಂದು ಕಾಲದಲ್ಲಿ ಸರಿ ಇತ್ತು. ಈಗಿನ ಡಿಸ್ಕಿನ ಬಣ್ಣ ಜೋರು ಓಟಕ್ಕೆ ಅಂತಾನೇ ಮಾಡಿರೋದು, ತೀರಾ ನಿಧಾನ ಮಾಡಿದ್ರೆ ಎಷ್ಟೋ ಸಲ ತಪ್ಪು ಜಾಸ್ತಿನೇ ಆಗುತ್ತೆ. 16 ಅಥವಾ 24 ಇಡಿ, ಹಳೇ ಪ್ಲೇಯರ್ ತಕರಾರು ಮಾಡಿದ್ರೆ ಸ್ಪೀಡ್ ಬದಲು ಡಿಸ್ಕ್ ಬದಲಾಯಿಸಿ ನೋಡಿ.