ಡಿಎನ್‌ಡಿ (ಪ್ರಚಾರದ ಕರೆ ಬೇಡ ಅನ್ನೋ ನೋಂದಣಿ) ಹಾಕಿದ್ರೂ ಲೋನ್ ಕಾಲ್ ಬರ್ತಾನೇ ಇವೆ. ಕಾನೂನಿನಲ್ಲಿ ದಾರಿ ಇದೆಯಾ?

ಖಂಡಿತ ಇದೆ. ಸುಮ್ನೆ ಬ್ಲಾಕ್ ಮಾಡಿ ಬಿಡಬೇಡಿ, ದೂರು ಕೊಡಿ. ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್‌ನ ನಿಯಮದ ಪ್ರಕಾರ ಪ್ರಚಾರದ ಕರೆ 140ರಿಂದ ಶುರುವಾಗುವ ನಂಬರಿನಿಂದಲೇ ಬರಬೇಕು. ಮಾಮೂಲಿ ಹತ್ತು ಅಂಕಿಯ ಮೊಬೈಲಿನಿಂದ ‘ಸರ್, ಪರ್ಸನಲ್ ಲೋನ್ ಬೇಕಾ?’ ಅಂತ ಬಂದರೆ ಅಲ್ಲೇ ನಿಯಮ ಮುರಿದ ಹಾಗೆ. 2025ರ ತಿದ್ದುಪಡಿಯ ನಂತರ ಇಂಥ ಕರೆಗಳ ಮೇಲೆ ಡಿಎನ್‌ಡಿ ಹಾಕದವರೂ ದೂರು ಕೊಡಬಹುದು.

ಕರೆ ಬಂದ 7 ದಿನದೊಳಗೆ 1909ಕ್ಕೆ ಫೋನ್ ಮಾಡಿ, ಇಲ್ಲವೇ ಟ್ರಾಯ್ ಡಿಎನ್‌ಡಿ ಆ್ಯಪ್ ಬಳಸಿ. ಕರೆ ಮಾಡಿದ ನಂಬರ್, ತಾರೀಕು, ಏನು ಮಾತಾಡಿದರು ಅನ್ನೋದನ್ನು ತಿಳಿಸಿ. ಒಂದು ದೂರಿನಿಂದ ಏನಾಗುತ್ತೆ ಅನ್ನಬೇಡಿ. 10 ದಿನದಲ್ಲಿ ಒಬ್ಬರ ಮೇಲೆ 5 ದೂರು ಬಂದರೂ ಕ್ರಮ ಶುರುವಾಗುತ್ತದೆ. ಪದೇ ಪದೇ ತಪ್ಪು ಮಾಡಿದರೆ ಸಂಪರ್ಕವೇ ಕಟ್.

ಮೋಸದ ಕರೆ ಅನ್ನಿಸಿದರೆ ಕೇಂದ್ರ ಸರ್ಕಾರದ ಸಂಚಾರ ಸಾಥಿ ಪೋರ್ಟಲ್‌ನ ‘ಚಕ್ಷು’ ವಿಭಾಗದಲ್ಲಿ ತಿಳಿಸಿ. ದುಡ್ಡೇ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.